ಸ್ಕಾಲರ್‌ಶಿಪ್ಪೋ, ಒಳ್ಳೆ ಕಾಲೇಜೋ? ಫೋನ್ ಮಾಡಬೇಡಿ, ಇದನ್ನೇ ಓದಿಕೊಳ್ಳಿ

"ಸರ್, ಒಂದೇ ನಿಮಿಷ" ಅಂತ ಶುರುವಾಗುತ್ತದೆ. ಆಮೇಲೆ ಮುಕ್ಕಾಲು ಗಂಟೆ. ಮಗಳಿಗೆ ಒಂದು ಕಡೆ ಸ್ಕಾಲರ್‌ಶಿಪ್ ಕೊಡ್ತಾರಂತೆ, ಇನ್ನೊಂದು ಕಡೆ ಕಾಲೇಜು ಚೆನ್ನಾಗಿದೆಯಂತೆ, ಯಾವುದಕ್ಕೆ ಸೇರಿಸೋಣ? ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವನು. ಸಿಇಟಿ ರಿಸಲ್ಟ್ ಬಂದ ಮೇಲೆ ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದ ಎಲೆಯವರು ಇದನ್ನೇ ಕೇಳುತ್ತಾರೆ. ಇಷ್ಟು ದಿನ ನಗುನಗುತ್ತಾ ಹೇಳಿದೆ. ಇನ್ನು ಕೇಳಿದವರಿಗೆ ಇದನ್ನು ಕಳಿಸುತ್ತೇನೆ. ಬೇಜಾರಾಗುವವರಿಗೆ ಆಗಲಿ.

ಅದೂ ಅಲ್ಲದೆ, ಕೇಳುವವರಲ್ಲಿ ಅರ್ಧ ಜನ ಆಗಲೇ ಅಡ್ವಾನ್ಸ್ ಕಟ್ಟಿ ಬಂದಿರುತ್ತಾರೆ. ಅವರಿಗೆ ಬೇಕಾಗಿರುವುದು ನನ್ನ ಒಂದು ಹೂಂ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ "ಲೆಕ್ಚರರೇ ಹೇಳಿದ್ರು" ಅನ್ನೋಕೆ ಒಬ್ಬ ಬೇಕಲ್ವಾ?

ಒಬ್ಬರು ಹಾರ್ಡ್‌ವೇರ್ ಅಂಗಡಿಯವರು ಖಾಸಗಿ ಯೂನಿವರ್ಸಿಟಿಯೊಂದರ ಪತ್ರ ಹಿಡಿದುಕೊಂಡು ಮನೆಗೇ ಬಂದರು. ಪತ್ರಕ್ಕೆ ಲ್ಯಾಮಿನೇಷನ್ ಬೇರೆ ಮಾಡಿಸಿದ್ದರು. ಮೇಲೆ ಬಂಗಾರದ ಬಣ್ಣದಲ್ಲಿ "50% ಮೆರಿಟ್ ಸ್ಕಾಲರ್‌ಶಿಪ್". "ನಾಲ್ಕು ವರ್ಷಕ್ಕೆ 8 ಲಕ್ಷ ಉಳಿಯುತ್ತೆ ಸರ್" ಅಂದರು. ಅಂಗಡಿಯಲ್ಲಿ ಮೊಳೆಯ ಲೆಕ್ಕ ಕೂಡ ತಪ್ಪದ ಮನುಷ್ಯ. ನಾನು ಪತ್ರ ತಿರುಗಿಸಿದೆ. ಹಿಂದುಗಡೆ ಇರುವೆ ಸಾಲಿನಂಥ ಅಕ್ಷರ. ರಿಯಾಯಿತಿ ಟ್ಯೂಷನ್ ಫೀಸಿಗೆ ಮಾತ್ರ. ಹಾಸ್ಟೆಲ್, ಊಟ, ಲ್ಯಾಬು, ಪರೀಕ್ಷೆ ಎಲ್ಲ ಪೂರ್ತಿ ಕಟ್ಟಬೇಕು. ಪ್ರತಿ ವರ್ಷ ಸಿಜಿಪಿಎ, ಅಂದರೆ ಹತ್ತಕ್ಕೆ ಲೆಕ್ಕ ಹಾಕುವ ಸರಾಸರಿ, 8.5ಕ್ಕಿಂತ ಕೆಳಗೆ ಬರಬಾರದು, ಒಂದು ಸಬ್ಜೆಕ್ಟೂ ಬಾಕಿ ಉಳಿಯಬಾರದು. ಟ್ಯೂಷನ್ನೇ ವರ್ಷಕ್ಕೆ 4 ಲಕ್ಷ. ಅಂದರೆ ಅವರು ಉಳಿಯುತ್ತೆ ಅಂದ 8 ಲಕ್ಷದಷ್ಟೇ ದುಡ್ಡು ಜೇಬಿನಿಂದಲೂ ಹೋಗುತ್ತದೆ, ಹಾಸ್ಟೆಲ್ ಬೇರೆ. ಹುಡುಗಿಗೆ ಸಿಇಟಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಸಿಕ್ಕಿತ್ತು. ಅಲ್ಲಿ ವರ್ಷದ ಫೀಸು ಲಕ್ಷದೊಳಗೆ.

ಆಷಾಢದ ಸೀರೆ ಸೇಲಿನಲ್ಲಿ ಮೊದಲು ಬೆಲೆ ಏರಿಸಿ ಆಮೇಲೆ ಅರ್ಧಕ್ಕೆ ಕೊಟ್ಟರೆ ಇದೇ ಮಹಾಶಯರು ಅಂಗಡಿಯವನ ಜನ್ಮ ಜಾಲಾಡುತ್ತಾರೆ. ಕಾಲೇಜು ಅದನ್ನೇ ಮಾಡಿದರೆ ಲ್ಯಾಮಿನೇಷನ್.

ನನ್ನ ಉತ್ತರ ಇಷ್ಟೇ. ಹಣದಲ್ಲಿ ಎರಡು ಜಾತಿ. ಒಂದು ಮಗುವಿನ ಜೊತೆ ಬರುತ್ತದೆ, ಇನ್ನೊಂದು ಕಾಲೇಜಿನ ಕಾಂಪೌಂಡ್ ದಾಟುವುದಿಲ್ಲ. ಬಿಎಸ್ಸಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಸಿಕ್ಕರೆ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ಮಗುವಿನ ಖಾತೆಗೇ ಬರುತ್ತದೆ, ಉಳಿದದ್ದು ಬೇಸಿಗೆಯ ಪ್ರಾಜೆಕ್ಟಿಗೆ. ಅದಕ್ಕೂ ಮಾರ್ಕ್ಸಿನ ಷರತ್ತಿದೆ, ಆದರೆ ಇದೇ ಕಾಲೇಜಿಗೆ ಸೇರು ಅನ್ನುವುದಿಲ್ಲ. ಎರಡನೇ ಜಾತಿಯದು ಕಾಲೇಜೇ ಕೊಡುವ ರಿಯಾಯಿತಿ. ಅದನ್ನು ಸ್ಕಾಲರ್‌ಶಿಪ್ ಅಂತ ಲೆಕ್ಕ ಹಾಕಬೇಡಿ. ಎಲ್ಲ ಸೇರಿಸಿ ನಾಲ್ಕನೇ ವರ್ಷದ ಕೊನೆಗೆ ಎಷ್ಟು ಕಟ್ಟಿರುತ್ತೀರಿ ಅಂತ ಒಂದೇ ಮೊತ್ತ ಬರೆಯಿರಿ, ಆಮೇಲೆ ಹೋಲಿಸಿ.

ಎಸ್‌ಎನ್‌ಕ್ಯೂ ಸೀಟಿನ ಬಗ್ಗೆ ಜುಲೈನಲ್ಲಿ ಕೇಳುತ್ತೀರಿ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದವರಿಗೆ ಟ್ಯೂಷನ್ ಫೀಸು ಮನ್ನಾ ಆಗುವ ಸೀಟುಗಳು ಅವು, ಶೇಕಡಾ 5ರಷ್ಟು. ಸಿಇಟಿ ಅರ್ಜಿ ಹಾಕುವಾಗಲೇ ಕೇಳಿಕೊಂಡಿರಬೇಕು, ನಾಡಕಚೇರಿಯ ಆದಾಯ ಪ್ರಮಾಣಪತ್ರ ಆಗಲೇ ಕೈಯಲ್ಲಿರಬೇಕು. ಜುಲೈನಲ್ಲಿ ನಾನೇನು ಮಾಡಲಿ?

ಯಾರೂ ಕೇಳದ ಪ್ರಶ್ನೆ ಬೇರೆ ಇದೆ. ಮೊದಲ ಸೆಮಿಸ್ಟರಿನಲ್ಲೇ ಮಗು ಒಂದು ಸಬ್ಜೆಕ್ಟಿನಲ್ಲಿ ಹೋದರೆ ಏನಾಗುತ್ತದೆ? ನಾನಾಗಿ ಬಾಯಿಬಿಟ್ಟರೆ "ಬಿಡ್ತು ಅನ್ನಿ ಸರ್" ಅನ್ನುತ್ತಾರೆ. ಆ ಹಾರ್ಡ್‌ವೇರ್ ಅಂಗಡಿಯವರ ಮನೆಯವರಂತೂ ನನ್ನ ಮುಖ ನೋಡಿದ ರೀತಿಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಆದರೆ ಆಗುತ್ತದೆ ಸ್ವಾಮಿ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ಪಿಯುನಲ್ಲಿ ಬಾಯಿಪಾಠ ಮಾಡಿ ದಾಟಿದ ಜಾಣ ಮಕ್ಕಳೇ ಮೊದಲ ವರ್ಷದ ಮ್ಯಾಥ್ಸಿನಲ್ಲಿ ಎಡವುತ್ತಾರೆ. ಎರಡನೇ ವರ್ಷಕ್ಕೆ ಸುಧಾರಿಸಿಕೊಳ್ಳುತ್ತಾರೆ, ನಾನೇ ನೋಡಿದ್ದೇನೆ. ಸರ್ಕಾರಿ ಸೀಟಿನಲ್ಲಿ ಹಾಗಾದರೆ ಮರುಪರೀಕ್ಷೆ ಬರೆಯುತ್ತಾರೆ, ಫೀಸು ಮೊದಲಿನಷ್ಟೇ. ಆ ಬಂಗಾರದ ಪತ್ರದ ಕಾಲೇಜಿನಲ್ಲಾದರೆ ರಿಯಾಯಿತಿ ಹೋಗಿ ಟ್ಯೂಷನ್ ಫೀಸು ಏಕಾಏಕಿ ಎರಡು ಪಟ್ಟು. ಅಪ್ಪ ಸಾಲಕ್ಕೆ ಓಡಬೇಕು. ಹುಡುಗಿ ಮನೆಗೆ ಫೋನ್ ಮಾಡೋಕೇ ಹೆದರುತ್ತಾಳೆ.

ಇನ್ನು "ಒಳ್ಳೆ ಕಾಲೇಜು" ಅಂತೀರಲ್ಲ, ಹೇಗೆ ಗೊತ್ತು? ಹೈವೇ ಪಕ್ಕದ ಹೋರ್ಡಿಂಗಿನಲ್ಲಿ ಯಾವನೋ ಒಬ್ಬನ 40 ಲಕ್ಷದ ಪ್ಯಾಕೇಜು ನೋಡಿ ಅಲ್ವಾ? ನಿಮ್ಮ ಮಗಳು ಆ ಒಬ್ಬನಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಕಾಲೇಜು ಕೊಟ್ಟ ಮಾಹಿತಿ ಕಾಲೇಜಿನ ವೆಬ್‌ಸೈಟಿನಲ್ಲೇ ಇರುತ್ತದೆ. ಎಷ್ಟು ಜನ ಸೇರಿದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಸಂಬಳದ ಸಾಲಿನಲ್ಲಿ ನಟ್ಟನಡುವೆ ನಿಂತವನಿಗೆ ಎಷ್ಟು ಅಂತ ಅದರಲ್ಲಿದೆ. ನಿಮ್ಮ ಕಣ್ಣು ಆ ನಡುವಿನವನ ಮೇಲಿರಲಿ. ಮೇಷ್ಟ್ರುಗಳ ಪಟ್ಟಿಯೂ ಸಿಗುತ್ತದೆ. ಎಲ್ಲರೂ ಹೋದ ವರ್ಷವೇ ಸೇರಿದವರಾಗಿದ್ದರೆ, ಹಳಬರು ಯಾಕೆ ಬಿಟ್ಟು ಹೋದರು ಅಂತ ಯೋಚಿಸಿ.

ಎರಡು ಕಾಲೇಜೂ ಈ ಲೆಕ್ಕದಲ್ಲಿ ಹತ್ತಿರ ಹತ್ತಿರ ಇದ್ದರೆ ಕಣ್ಣು ಮುಚ್ಚಿಕೊಂಡು ದುಡ್ಡು ಕಮ್ಮಿ ಇರುವ ಕಡೆ ಸೇರಿಸಿ. ಉಳಿದದ್ದು ಎಂಟೆಕ್‌ಗೋ ಇನ್ನೊಂದಕ್ಕೋ ಆಗುತ್ತದೆ. "ನಿಮಗೇನು ಸರ್, ಹೇಳೋದು ಸುಲಭ, ನಿಮ್ಮ ಮಗಳಿಗಾದರೆ?" ಅಂತ ಒಬ್ಬರು ತಿವಿದರು. ನನ್ನ ಮಗಳು ಇನ್ನೂ ಆರನೇ ಕ್ಲಾಸು. ಸದ್ಯಕ್ಕೆ ಬಚಾವ್.

ಒಂದೊಂದು ಸಲ ದುಡ್ಡೂ ಉಳಿದು ಕಾಲೇಜೂ ಚೆನ್ನಾಗಿರುವುದುಂಟು. ಹೋದ ವರ್ಷ ಒಬ್ಬರ ಮಗನಿಗೆ ಬೆಂಗಳೂರಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜು ಸಿಗುವಂತಿತ್ತು. 1917ರಲ್ಲಿ ವಿಶ್ವೇಶ್ವರಯ್ಯನವರು ಶುರು ಮಾಡಿದ್ದು, ಸರ್ಕಾರಿ ಫೀಸು. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಸಿಇಟಿ ಸೀಟಿಗೆ ಬೇಕಾದ ಕಾಲೇಜುಗಳನ್ನು ಸಾಲಾಗಿ ಬರೆಯುವಾಗ, ಮೊದಲು ಅದನ್ನೇ ಹಾಕಿ ಅಂದೆ. "ನೋಡಿಕೊಂಡು ಬಂದ್ವಿ ಸರ್, ಬಿಲ್ಡಿಂಗ್ ಹಳೇದು" ಅಂದರು. ಆಮೇಲೆ ಸ್ವಲ್ಪ ದನಿ ಇಳಿಸಿ, "ಅಲ್ಲಿ ಹಾಸ್ಟೆಲ್ ರೂಮಿಗೆ ಎಸಿ ಇದೆಯಾ?" ಅಂತ ನನ್ನನ್ನೇ ಕೇಳಿದರು. ನಾನು ಫೋನ್ ಇಟ್ಟೆ.