ಹ್ಯಾಲೋವೀನ್ ಫೋಟೋಗೆ ಯಾವ ಕ್ಯಾಮೆರಾ?

ಹ್ಯಾಲೋವೀನ್ ಅಂದರೆ ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿ ಮನೆ ಮನೆಗೆ ಹೋಗಿ ಕ್ಯಾಂಡಿ ಕೇಳುವ ಹಬ್ಬ. ಅಕ್ಟೋಬರ್ ಕೊನೆ ವಾರ ಬಂದರೆ ಸಾಕು, ಗೆಳೆಯರು ಕೇಳುತ್ತಾರೆ: "ನಮ್ಮ ಮಕ್ಕಳ ಹ್ಯಾಲೋವೀನ್ ಫೋಟೋ ಒಂದೋ ಪೂರ್ತಿ ಕಪ್ಪು, ಇಲ್ಲಾ ಮುಖವೆಲ್ಲ ಸುಣ್ಣ ಬಳಿದ ಹಾಗೆ. ನಿಮ್ಮದು ಯಾವ ಕ್ಯಾಮೆರಾ?"

ಜಾಸ್ತಿ ಫೋಟೋ ನಾನು ಫೋನಿನಲ್ಲೇ ತೆಗೆಯುತ್ತೇನೆ. ಆವತ್ತು ನನ್ನ ಕಣ್ಣು ಗಡಿಯಾರದ ಮೇಲಿರುತ್ತದೆ.

ನಾವಿರುವ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಅಕ್ಟೋಬರ್ 31ರಂದು ಸೂರ್ಯ ಮುಳುಗುವುದು ಸಂಜೆ 6:10ರ ಸುಮಾರಿಗೆ. 2007ರಿಂದ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದು ನವೆಂಬರ್ ಮೊದಲ ಭಾನುವಾರ. ಹ್ಯಾಲೋವೀನ್ ಅದಕ್ಕೆ ಮೊದಲೇ ಬರುವುದರಿಂದ ಆಫೀಸು ಮುಗಿಸಿ ಬಂದರೂ ಸ್ವಲ್ಪ ಬೆಳಕು ಸಿಗುತ್ತದೆ. ಸೂರ್ಯ ಮುಳುಗಿದ ಮೇಲೆ ಒಂದಿಪ್ಪತ್ತು ನಿಮಿಷ ಆಕಾಶ ಗಾಢ ನೀಲಿಯಾಗಿರುತ್ತದೆ. ಮುಖದ ಹಾಗೆ ಕೊರೆದ ಕುಂಬಳಕಾಯಿಯೊಳಗಿನ ದೀಪದ ಕಿತ್ತಳೆ ಬಣ್ಣ ಆ ನೀಲಿಯ ಮುಂದೆ ಎಷ್ಟು ಚಂದ ಅಂತೀರಿ! ಏಳು ಗಂಟೆಗೆ ಹೊರಟರೆ ಬರೀ ಕತ್ತಲೆ, ಅದರ ನಡುವೆ ಉರಿಯುವ ಒಂದು ಬಾಯಿ.

ಕುಂಬಳಕಾಯಿಯೊಳಗೆ ಒಂದೇ ಮೇಣದಬತ್ತಿ ಸಾಲದು. ಮೂರ್ನಾಲ್ಕು ಟೀ ಲೈಟ್ (ಪುಟ್ಟ ಬಟ್ಟಲಿನ ಮೇಣದಬತ್ತಿ) ಇಡಿ, ಹೊಗೆ ಹೋಗಲು ಹಿಂದುಗಡೆ ಒಂದು ತೂತು ಮಾಡಿ. ಫೋನಿನ ಪರದೆಯಲ್ಲಿ ಆ ಕೊರೆದ ಬಾಯಿಯ ಮೇಲೆ ಬೆರಳಿಟ್ಟು ಬೆಳಕನ್ನು ತುಸು ಕೆಳಗಿಳಿಸಿ. ನೈಟ್ ಮೋಡ್ ಇಲ್ಲಿಗೆ ಸರಿ. ಮಕ್ಕಳಿಗೆ ಬೇಡ, ಅದು ಬೆಳಕು ಸೇರಿಸಿಕೊಳ್ಳುವಷ್ಟರಲ್ಲಿ ಅವರು ಮುಂದಿನ ಮನೆ ಬಾಗಿಲಲ್ಲಿರುತ್ತಾರೆ.

ಮಕ್ಕಳ ಫೋಟೋಗೆ ಫ್ಲಾಶ್ ಆಫ್ ಮಾಡಿ. ಬಾಗಿಲ ದೀಪ ಸಾಕು, ಆದರೆ ಅದು ಮೇಲಿರುತ್ತದೆ ನೋಡಿ. ನನ್ನ ಮಗಳು ಮಾಟಗಾತಿ ವೇಷ ಹಾಕಿದ್ದಾಗ ಟೋಪಿಯ ನೆರಳು ಗಲ್ಲದವರೆಗೂ ಬಿದ್ದಿತ್ತು. ಟೋಪಿಯನ್ನು ಎರಡು ಬೆರಳಷ್ಟು ಹಿಂದಕ್ಕೆ ಸರಿಸಿದೆ. ಅವಳ ಕ್ಯಾಂಡಿ ಬಕೆಟ್ಟಿನಲ್ಲಿ, ಚಾಕಲೇಟುಗಳ ನಡುವೆ, ಸಣ್ಣ ಟಾರ್ಚ್ ಹಚ್ಚಿಟ್ಟೆ. ಮೊಣಕಾಲೂರಿ ಕೂತು "ಏನೇನ್ ಸಿಕ್ತು ತೋರ್ಸು" ಅಂದೆ. ಅವಳು ಬಗ್ಗಿ ನೋಡಿದಳು. ಕೆಳಗಿಂದ ಬೆಳಕು ಬಂದು ಮೂಗು, ಹುಬ್ಬು ಎಲ್ಲಾ ಹೊಳೆಯಿತು. ಕಪ್ಪು ಬಟ್ಟೆ ಕತ್ತಲಲ್ಲಿ ಕರಗದಿರಲಿ ಅಂತ ಹಿಂದೆ ದೀಪ ಹಚ್ಚಿದ ಕಿಟಕಿ ಬರುವ ಹಾಗೆ ಅವಳನ್ನು ನಿಲ್ಲಿಸಿದ್ದೆ.

ದೊಡ್ಡ ಕ್ಯಾಮೆರಾ ಇರುವವರು ಎಫ್ 1.8 (ಲೆನ್ಸ್ ಬಾಯಿ ಎಷ್ಟು ತೆರೆದಿದೆ ಅನ್ನುವುದು), ಶಟರ್ 1/125 (ಸೆಕೆಂಡಿನ ಎಷ್ಟನೇ ಭಾಗ ಬೆಳಕು ಬಿಡುತ್ತದೆ ಅನ್ನುವುದು), ಐಎಸ್ಒ 3200 (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವುದು) ಇವುಗಳಿಂದ ಶುರು ಮಾಡಿ. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಹಗಲಿಗಿಡಿ. ಆಟೋದಲ್ಲಿಟ್ಟರೆ ದೀಪದ ಕಿತ್ತಳೆ ಬಣ್ಣವನ್ನೇ ತೊಳೆದು ಬಿಡುತ್ತದೆ. ಫೋಟೋ ಸ್ವಲ್ಪ ಕಾಳು ಕಾಳಾಗಿ ಬಂದರೆ ಬರಲಿ.

ದೀಪಾವಳಿಗೂ ಇದೇ ಉಪಾಯ ನಡೆಯುತ್ತದೆ. 2024ರಲ್ಲಿ ಆ ಹಬ್ಬ ಅಕ್ಟೋಬರ್ 31ಕ್ಕೇ ಬಂದಿತ್ತು. ಮೆಟ್ಟಿಲ ಒಂದು ಬದಿ ಕುಂಬಳಕಾಯಿ, ಇನ್ನೊಂದು ಬದಿ ಹಣತೆ ಸಾಲು. ಅಮ್ಮ ಹಣತೆಗೆ ಎಣ್ಣೆ ಹಾಕುತ್ತಿದ್ದಾರೆ, ಪಕ್ಕದಲ್ಲಿ ಮೊನೆ ಟೋಪಿಯ ಮೊಮ್ಮಗಳು ಬತ್ತಿ ಹಿಡಿದು ಕೂತಿದ್ದಾಳೆ. ಆ ಫೋಟೋ ತೆಗೆದಾಗ ಗಂಟೆ 6:25.