ಮೆಷಿನ್‌ಗಿಂತ ಮೊದಲು ಮೇಜು

ಮೈಸೂರಿನ ನಮ್ಮ ಆಸ್ಪತ್ರೆಯಲ್ಲಿ, ಮಾತ್ರೆಗೆ ಬಗ್ಗದ ಖಿನ್ನತೆಗೆಂದೇ ಶನಿವಾರ ಮಧ್ಯಾಹ್ನ ಒಂದು ಕ್ಲಿನಿಕ್ ಶುರು ಮಾಡೋಣ ಎಂದೆ. ಆಡಳಿತದವರು ಮೊದಲು ಕೇಳಿದ್ದು, "ಆ ಮ್ಯಾಗ್ನೆಟ್ ಮೆಷಿನ್ ಯಾವಾಗ ತರಿಸೋಣ ಡಾಕ್ಟ್ರೇ?" ಆರ್‌ಟಿಎಂಎಸ್ (ಆ ಮೆಷಿನ್ನಿನ ಕಾಂತದ ಅಲೆಗಳಿಂದ ಮಿದುಳನ್ನು ಪ್ರಚೋದಿಸುವ ಚಿಕಿತ್ಸೆ) ಒಳ್ಳೆಯದೇ, ಅಮೆರಿಕದಲ್ಲಿ 2008ರಲ್ಲೇ ಅದಕ್ಕೆ ಒಪ್ಪಿಗೆ ಸಿಕ್ಕಿದೆ. ಆದರೆ ನನಗೆ ಬೇಕಾಗಿದ್ದು ಒಂದು ಉದ್ದನೆಯ ಮೇಜು, ಒಬ್ಬೊಬ್ಬ ರೋಗಿಗೂ ಪೂರ್ತಿ ಒಂದು ಗಂಟೆ. ಮೇಜು ಸುಲಭವಾಗಿ ಸಿಕ್ಕಿತು. ಗಂಟೆಗೆ ಚೌಕಾಸಿ ನಡೆಯಿತು.

ಮೊದಲ ಶನಿವಾರ ಮದ್ದೂರು ಕಡೆಯ ಹೆಂಗಸೊಬ್ಬರು ತಮ್ಮನ ಜೊತೆ ಬಂದರು. ಐದು ವರ್ಷದ ಚೀಟಿಗಳೆಲ್ಲ ಒಂದು ಬಟ್ಟೆ ಅಂಗಡಿ ಕವರ್‌ನಲ್ಲಿದ್ದವು. ಮೇಜಿನ ಮೇಲೆ ತಾರೀಖಿನ ಪ್ರಕಾರ ಹರಡಿದೆವು. ಎರಡು ಬೇರೆ ಔಷಧಿಗಳನ್ನು ಸರಿಯಾದ ಡೋಸ್‌ನಲ್ಲಿ, ಒಂದೊಂದನ್ನೂ ಆರು ವಾರದಷ್ಟು ಕೊಟ್ಟೂ ಗುಣ ಕಾಣದಿದ್ದರೆ ಆಗ ಅದು ಬಗ್ಗದ ಖಿನ್ನತೆ. ಇವರಿಗೆ ನಾಲ್ಕು ಔಷಧಿ ಬದಲಾಗಿತ್ತು. ಒಂದೂ ತಿಂಗಳು ದಾಟಿರಲಿಲ್ಲ. ಒಂದು ಹೊಟ್ಟೆ ತೊಳೆಸಿತು ಅಂತ ನಿಂತಿತ್ತು, ಇನ್ನೊಂದು "ಚಟ ಆಗ್ಬಿಡುತ್ತೆ" ಅಂತ ನೆಂಟರು ಹೆದರಿಸಿದ್ದಕ್ಕೆ. ಥೈರಾಯಿಡ್ ಪರೀಕ್ಷೆಯ ಚೀಟಿ ಎಲ್ಲೂ ಇರಲಿಲ್ಲ. ಥೈರಾಯಿಡ್ ಕಮ್ಮಿಯಾದರೂ ಮನಸ್ಸು ಹೀಗೇ ಕುಗ್ಗುತ್ತದೆ.

"ಯಾವಾಗಾದ್ರೂ ಇದಕ್ಕೆ ಉಲ್ಟಾ ಆಗಿತ್ತಾ?" ಎಂದೆ. ಅಕ್ಕ ತಲೆಯಾಡಿಸಿ ಇಲ್ಲ ಅಂದರು. ತಮ್ಮ ನಕ್ಕುಬಿಟ್ಟ. "ಮರ್ತ್‌ಬಿಟ್ಯಾ ಅಕ್ಕ? ಆ ವರ್ಷ ಹದಿನೈದು ದಿನ ನಿದ್ದೇನೇ ಇಲ್ಲ ಸಾರ್. ರಾತ್ರಿಯೆಲ್ಲ ಗೋಡೆಗೆ ಸುಣ್ಣ. ಸಂಘದಲ್ಲಿ ಸಾಲ ಎತ್ತಿ ಸೀರೆ ವ್ಯಾಪಾರ ಬೇರೆ!" ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, "ಆಗ ಚೆನ್ನಾಗೇ ಇದ್ರಲ್ವಾ ಸಾರ್" ಅಂದ. ಅಲ್ಲಿಗೆ ಕಾಯಿಲೆಯ ಹೆಸರೇ ಬದಲಾಗುವ ಹಾಗಿತ್ತು. ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಕುಗ್ಗಿ ಇನ್ನೊಮ್ಮೆ ಅತಿಯಾಗಿ ಉಕ್ಕುವ ಕಾಯಿಲೆ ಆದರೆ, ಬರೀ ಖಿನ್ನತೆಯ ಮಾತ್ರೆ ಎಷ್ಟು ಬದಲಿಸಿದರೂ ಕಷ್ಟವೇ. ಮನಸ್ಸಿನ ಏರಿಳಿತ ಹಿಡಿದಿಡುವ ಲಿಥಿಯಂ ಔಷಧಿ ಯೋಚಿಸಬೇಕು. ಅದಕ್ಕೂ ಮೊದಲು ಕಿಡ್ನಿ, ಥೈರಾಯಿಡ್ ನೋಡಬೇಕು, ಶುರುವಾದ ಮೇಲೆ ರಕ್ತದಲ್ಲಿ ಅದರ ಮಟ್ಟ ಅಳೆಯುತ್ತಿರಬೇಕು.

ಎಲ್ಲರ ಕಥೆಯೂ ಚೀಟಿಯಲ್ಲೇ ಬಗೆಹರಿಯುವುದಿಲ್ಲ. ಅದೇ ದಿನ ಬಂದ ಹಿರಿಯರೊಬ್ಬರಿಗೆ ಔಷಧಿಗಳೆಲ್ಲ ಸರಿಯಾಗಿಯೇ ಸಿಕ್ಕಿದ್ದವು. ಆದರೂ ಊಟ ಬಿಟ್ಟಿದ್ದರು. ಇಸಿಟಿ (ಮಿದುಳಿಗೆ ಸ್ವಲ್ಪ ವಿದ್ಯುತ್ ಹರಿಸುವ ಚಿಕಿತ್ಸೆ) ಅಂದ ಕೂಡಲೇ ಮಗನ ಮುಖ ಸಪ್ಪಗಾಯಿತು. "ಕರೆಂಟ್ ಕೊಡ್ತೀರಾ?" ಸಿನಿಮಾಗಳು ಮಾಡಿದ ಹಾನಿ ಇದು! ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ ಎಂದು ವಿವರಿಸಿದೆ. ಕೆಲವರಿಗೆ ಸ್ವಲ್ಪ ಮರೆವು ಕಾಡುವುದನ್ನೂ ಮುಚ್ಚಿಡಲಿಲ್ಲ. ಮನೆಯಲ್ಲಿ ಮಾತಾಡಿ ಬರುತ್ತೇವೆ ಅಂದರು.

ಮದ್ದೂರಿನವರು ಹೊರಡುವಾಗ ತಮ್ಮ ಪಟ್ಟು ಹಿಡಿದ. "ಇನ್ಮೇಲೆ ಇಲ್ಲೇ ತೋರಿಸ್ತೀವಿ ಸಾರ್." ಇದು ಸಲಹೆಯ ಕ್ಲಿನಿಕ್, ಚಿಕಿತ್ಸೆ ನಿಮ್ಮ ಮಂಡ್ಯದ ಡಾಕ್ಟರ ಹತ್ತಿರವೇ ಅಂದೆ. ಒಪ್ಪಲಿಲ್ಲ. ಅವರೆದುರೇ ಆ ಡಾಕ್ಟರಿಗೆ ಫೋನ್ ಮಾಡಿ ಸುಣ್ಣದ ಕಥೆ ಹೇಳಿದೆ. "ಓಹೋ, ಹಾಗಾ! ಸೋಮವಾರ ಖಾಲಿ ಹೊಟ್ಟೇಲಿ ಕಳ್ಸಿ, ರಕ್ತ ಪರೀಕ್ಷೆ ಎಲ್ಲ ಒಟ್ಟಿಗೇ ಮಾಡಿಸ್ತೀನಿ" ಅಂದರು.