ಬೇಟೆಯ ಚಿತ್ರ ಹುಡುಕಿಕೊಂಡು: ಲಂಡನ್ನಿನಿಂದ ಎಡಿನ್‌ಬರಾಗೆ

ಮಗಳ ಮನೆಗೆಂದು ಲಂಡನ್ನಿಗೆ ಹೋದಾಗ ಬಿಡುವು ಮಾಡಿಕೊಂಡು ಬ್ರಿಟಿಷ್ ಬೇಟೆ ಚಿತ್ರಗಳನ್ನು ನೋಡಿ ಬಂದೆ. ಹೋಗುವವರಿಗೆ ನನ್ನದೊಂದೇ ಮಾತು: ಹತ್ತು ಮ್ಯೂಸಿಯಂ ಸುತ್ತಬೇಡಿ. ಎರಡು ಚಿತ್ರಗಳ ಮುಂದೆ ಅರ್ಧರ್ಧ ಗಂಟೆ ನಿಲ್ಲಿ.

ಮೊದಲನೆಯದು ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯಲ್ಲಿದೆ. ಪ್ರವೇಶ ಉಚಿತ, ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುತ್ತದೆ. ದೊಡ್ಡ ಪೆಟ್ಟಿಗೆ ಒಯ್ಯಬೇಡಿ, ಒಳಗೆ ಬಿಡುವುದಿಲ್ಲ. ಗೇನ್ಸ್‌ಬರೊ 1750ರ ಸುಮಾರಿಗೆ ಬರೆದ ‘ಮಿಸ್ಟರ್ ಅಂಡ್ ಮಿಸೆಸ್ ಆಂಡ್ರ್ಯೂಸ್’ ನಾಲ್ಕಡಿ ಅಗಲವೂ ಇಲ್ಲ. ಎಡಕ್ಕೆ ಓಕ್ ಮರದಡಿ ದಂಪತಿ, ಬಲಕ್ಕೆ ಕೊಯ್ದು ಕಟ್ಟಿದ ಪೈರಿನ ಸಿವುಡುಗಳು, ಅವುಗಳಾಚೆ ಬೇಲಿಯೊಳಗಿನ ಕುರಿಗಳು. ಗಂಡನ ಕಂಕುಳಲ್ಲಿ ಬಂದೂಕು, ಕಾಲ ಬಳಿ ಅವನ ಮುಖವನ್ನೇ ನೋಡುತ್ತಿರುವ ನಾಯಿ. ಹೆಂಡತಿಯ ನೀಲಿ ಉಡುಪಿನ ಮಡಿಲನ್ನು ಹತ್ತಿರದಿಂದ ನೋಡಿ. ಅಲ್ಲೊಂದು ತುಂಡು ಬಣ್ಣ ತುಂಬದೆ ಹಾಗೇ ಉಳಿದಿದೆ. ಹೊಡೆದ ಹಕ್ಕಿಯನ್ನು ಬರೆಯಲು ಬಿಟ್ಟ ಜಾಗ ಅದು ಎನ್ನುವವರಿದ್ದಾರೆ. ಆ ಬಂದೂಕು ಶೋಕಿಗೆ ಹಿಡಿದದ್ದಲ್ಲ. 1671ರ ಕಾನೂನಿನ ಪ್ರಕಾರ, ವರ್ಷಕ್ಕೆ 100 ಪೌಂಡ್ ಆದಾಯದ ಸ್ವಂತ ಜಮೀನಿನಂಥ ಅರ್ಹತೆ ಇಲ್ಲದವರು ಬೇಟೆಯಾಡುವಂತಿರಲಿಲ್ಲ. ಈ ನಿರ್ಬಂಧ ಹೋದದ್ದು 1831ರಲ್ಲಿ. ಇದು ಗೊತ್ತಿದ್ದು ನೋಡಿದರೆ ಬಂದೂಕೇ ಆ ಹೊಲಗಳ ಹಕ್ಕುಪತ್ರದಂತೆ ಕಾಣುತ್ತದೆ.

ಹೊರಡುವ ಮುಂಚೆ ಚಿತ್ರ ಗೋಡೆಯ ಮೇಲಿದೆಯೇ ಎಂದು ಗ್ಯಾಲರಿಯ ವೆಬ್‌ಸೈಟಿನಲ್ಲಿ ತಪ್ಪದೆ ನೋಡಿಕೊಳ್ಳಿ. ಇನ್ನೊಂದು ಊರಿಗೆ ನಾನು ಎರಡು ಗಂಟೆ ಪ್ರಯಾಣ ಮಾಡಿ ಹೋದರೆ, ನೋಡಬೇಕೆಂದಿದ್ದ ಚಿತ್ರ ಬೇರೆ ಪ್ರದರ್ಶನಕ್ಕೆ ಹೋಗಿತ್ತು. ತುಂಬಾ ಬೇಸರವಾಯಿತು. ಸಸೆಕ್ಸ್‌ನ ಗುಡ್‌ವುಡ್ ಹೌಸ್ ಎಂಬ ದೊಡ್ಡ ಮನೆಯಲ್ಲಿ ಸ್ಟಬ್ಸ್ ಬರೆದ, ಚಾರ್ಲ್‌ಟನ್ ಹಂಟ್ ಎಂಬ ನರಿಬೇಟೆ ತಂಡದ ಚಿತ್ರವಿದೆ, ಆದರೆ ಆ ಮನೆ ಕೆಲವೇ ದಿನ ತೆರೆಯುತ್ತದೆ.

ಎರಡನೆಯ ಚಿತ್ರ ಎಡಿನ್‌ಬರಾದಲ್ಲಿದೆ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ರೈಲು, ನಾಲ್ಕೂವರೆ ಗಂಟೆ. ಟಿಕೆಟ್ ಮುಂಚೆಯೇ ತೆಗೆಸಿದರೆ ಅಗ್ಗ. ಬಲಗಡೆ ಸೀಟು ಹಿಡಿಯಿರಿ, ನ್ಯೂಕ್ಯಾಸಲ್ ದಾಟಿದ ಮೇಲೆ ಸಮುದ್ರ ಕಾಣುತ್ತದೆ. ವೇವರ್ಲಿ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿ. ಇಲ್ಲಿಯೂ ಟಿಕೆಟ್ ಇಲ್ಲ.

ಲ್ಯಾಂಡ್‌ಸೀರ್ 1851ರಲ್ಲಿ ಬರೆದ ‘ಮೊನಾರ್ಕ್ ಆಫ್ ದ ಗ್ಲೆನ್’ (ಕಣಿವೆಯ ರಾಜ) ಇರುವುದು ಇಲ್ಲೇ. 2017ರಲ್ಲಿ 40 ಲಕ್ಷ ಪೌಂಡ್ ಕೊಟ್ಟು ಕೊಂಡದ್ದು. ಹನ್ನೆರಡು ಕವಲಿನ ಕೊಂಬು ಹೊತ್ತ ಗಂಡು ಜಿಂಕೆ, ಗೊರಸು ಹುಲ್ಲಿನಲ್ಲಿ ಮುಚ್ಚಿದೆ, ಹಿಂದೆ ಮಂಜು ಕವಿದ ಬೆಟ್ಟ. ಬೇಟೆಗಾರನಿಲ್ಲ, ನಾಯಿಯಿಲ್ಲ. ನಾನು ಬಹಳ ಹೊತ್ತು ನಿಂತ ಮೇಲೆ ಹೊಳೆಯಿತು: ಬೇಟೆಗಾರ ನಿಲ್ಲಬೇಕಾದ ಜಾಗದಲ್ಲಿ ನಾನೇ ನಿಂತಿದ್ದೇನೆ. ಜಿಂಕೆ ನನ್ನನ್ನು ಇನ್ನೂ ಕಂಡಿಲ್ಲ, ದೂರಕ್ಕೆ ನೋಡುತ್ತಿದೆ.

ಗ್ಯಾಲರಿ ಸಂಜೆ 5ಕ್ಕೆ ಮುಚ್ಚುತ್ತದೆ. ವಾಪಸು ರೈಲನ್ನು ಅದರ ನಂತರಕ್ಕೆ ಇಟ್ಟುಕೊಂಡರೆ ಊಟ ಮುಗಿಸಿ ಬಂದು ಇನ್ನೊಮ್ಮೆ ನೋಡಬಹುದು. ನಾನು ಹಾಗೇ ಮಾಡಿದೆ.